ಹೊಟ್ಟೆಯ ಮೇಲೆ ಕುಣಿದ ಬೆಂಕಿಪೊಟ್ಟಣ

ನನಗೆ ಅಸಹ್ಯ ಜಾಸ್ತಿ. ಹುಟ್ಟಿದಾಗಿನಿಂದ ಹಾಗೇ. ಇನ್ನೊಬ್ಬರು ಬಾಯಿ ಹಚ್ಚಿದ ಲೋಟವನ್ನು ಮೂರು ಸಲ ತೊಳೆಯದೆ ಮುಟ್ಟುವವಳಲ್ಲ. ಅಂಥ ಅಂಜಿನಮ್ಮನಾದ ನನ್ನನ್ನು ತಂದು ಪೀಣ್ಯದ ಸೊಣ್ಣಪ್ಪನವರ ಮನೆಗೆ ಸೊಸೆ ಮಾಡಿದರಲ್ಲ, ನಮ್ಮಪ್ಪನ ಬುದ್ಧಿಗೆ ಏನು ಹೇಳಲಿ! ಬಾಗಿಲು ತೆರೆದರೆ ಮೋರಿ, ಮೋರಿಯಲ್ಲಿ ಗಿಲೀಟು ಹಾಕುವ ಶೆಡ್ಡಿನಿಂದ ಹರಿದು ಬರುವ ಹಸಿರು ನೀರು. ಬಾಗಿಲು ಹಾಕಿದರೆ ಒಳಗೆ ಮಾವನವರ ಬೀಡಿ ಹೊಗೆ. ಎರಡರ ನಡುವೆ ಜಗಲಿಯ ಮೇಲೆ, ಮಂಗಳವಾರ ಮತ್ತು ಭಾನುವಾರ ಬೆಳಿಗ್ಗೆ, ಕಂಡವರ ಹೊಟ್ಟೆಗಳ ಸಾಲು.

ಆ ಹೊಟ್ಟೆಗಳೆಲ್ಲ ನಮ್ಮತ್ತೆ ಚಿಕ್ಕಮುನಿಯಮ್ಮನವರ ಗಿರಾಕಿಗಳು. ಅತ್ತೆ ಬಟ್ಟಿ ಎತ್ತುವುದರಲ್ಲಿ ಹೆಸರುವಾಸಿ. ಭಾರ ಎತ್ತಿದವರಿಗೆ, ಕಾಲು ಜಾರಿ ಬಿದ್ದವರಿಗೆ ಹೊಕ್ಕುಳಿನ ಬಡಿತ ತನ್ನ ಜಾಗ ಬಿಟ್ಟು ಸರಿದುಬಿಡುತ್ತದೆ, ಅದೇ ಬಟ್ಟಿ ಬೀಳುವುದು ಎಂದು ನಮ್ಮ ಕಡೆಯ ನಂಬಿಕೆ. ಖಾಲಿ ಹೊಟ್ಟೆಯಲ್ಲಿ ಅಂಗಾತ ಮಲಗಿಸಿ, ಹೊಕ್ಕುಳಿಗೆ ಹೆಬ್ಬೆರಳು ಊರಿ, ಬಡಿತ ಎಲ್ಲಿದೆ ಎಂದು ಅತ್ತೆ ಹುಡುಕುತ್ತಿದ್ದರು. ಸರಿದಿದ್ದರೆ ಹರಳೆಣ್ಣೆ ಸವರಿ, ಹಿಟ್ಟು ನಾದಿದಂತೆ ಹೊಟ್ಟೆ ನಾದಿ, ಬಡಿತವನ್ನು ಹೊಕ್ಕುಳಿಗೆ ತರುತ್ತಿದ್ದರು. ಕಾರ್ಖಾನೆಯಲ್ಲಿ ಕಬ್ಬಿಣ ಹೊರುವವರೆಲ್ಲ ಒಂದು ತೆಂಗಿನಕಾಯಿ, ಎಲೆಅಡಿಕೆ ಹಿಡಿದು ಬರುತ್ತಿದ್ದರು. ಅವರು ಎದ್ದು ಹೋದ ಮೇಲೆ ಎಣ್ಣೆ ಮೆತ್ತಿದ ಚಾಪೆ ತೊಳೆಯುವವಳು ನಾನು. ಆ ವಾಸನೆ ಮೂಗಿನಲ್ಲಿ ಇಟ್ಟುಕೊಂಡೇ ಮುದ್ದೆ ತೊಳಸಬೇಕಿತ್ತು.

ಎಂಬತ್ತಾರನೇ ಇಸವಿ, ಶಿವರಾತ್ರಿಯ ಹಿಂದುಮುಂದು ಮಾವನವರ ಹೊಸ ಆಟ ಶುರುವಾಯಿತು. ಅವರಿಗೆ ಆಗ ಅರವತ್ತಾರು. ಒಂದು ಕಾಲದಲ್ಲಿ ತಾವೇ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಎದ್ದ ಕಾರ್ಖಾನೆಗೆ ಈಗ ಅವರೇ ಗೇಟಿನ ಕಾವಲು. ಮಧ್ಯಾಹ್ನದ ಸೈರನ್ ಕೂಗಿದ ಮೇಲೆ ಮನೆಗೆ ಬಂದು, ಉಂಡು, ಅಂಗಿ ಬಿಚ್ಚಿ ಅಂಗಳದ ಮಂಚದ ಮೇಲೆ ಮಲಗುತ್ತಿದ್ದರು. ಹೊಟ್ಟೆಯ ಮೇಲೆ ಬೆಂಕಿಪೊಟ್ಟಣ.

"ನೋಡ್ರಲಾ, ನೋಡ್ರಿ! ನನ್ನ ಒಟ್ಟೆ ಮ್ಯಾಲೆ ಬೆಂಕಿಪೊಟ್ಟಣ ಕುಣೀತದೆ!"

ನಿಜವಾಗಿಯೂ ಕುಣಿಯುತ್ತಿತ್ತು. ಹೊಕ್ಕುಳಿನ ಮೇಲೆ, ಸ್ವಲ್ಪ ಎಡಕ್ಕೆ, ಬೆಂಕಿಪೊಟ್ಟಣ ತಾಳ ಹಾಕಿದಂತೆ ಏಳುತ್ತಿತ್ತು, ಇಳಿಯುತ್ತಿತ್ತು. ನಮ್ಮ ಸಾಲುಮನೆಗಳ ಬಾಡಿಗೆಯವರು ಬಂದು ನೋಡಿ ನಗುತ್ತಿದ್ದರು. ಮಾವನವರು ಅದರಿಂದಲೇ ಒಂದು ಕಡ್ಡಿ ತೆಗೆದು ಬೀಡಿ ಹಚ್ಚಿ, ಮತ್ತೆ ಅಲ್ಲೇ ಇಡುತ್ತಿದ್ದರು. ದಿನಕ್ಕೆ ಎರಡು ಕಟ್ಟು ಬೀಡಿ ಸೇದುವವರು. ಮೋಟುಗಳನ್ನು ತುಳಸಿಕಟ್ಟೆಯ ಬುಡದಲ್ಲಿ ಒತ್ತುತ್ತಿದ್ದರು, ಥೂ.

ಯುಗಾದಿ ಹತ್ತಿರ ಬರುವ ಹೊತ್ತಿಗೆ ನಗು ಕಮ್ಮಿಯಾಯಿತು. ಸೊಂಟದಲ್ಲಿ ನೋವು, ಬೆನ್ನಿನ ಒಳಗೆಲ್ಲೋ ಕೊರೆಯುತ್ತದೆ ಎಂದು ಮಾವನವರು ನರಳತೊಡಗಿದರು. ಒಂದು ಸಂಜೆ ಊಟಕ್ಕೆ ಕುಳಿತಾಗ ನನ್ನ ಗಂಡ ಮಾತು ತೆಗೆದ. ಗಂಡನ ಹೆಸರು ಗೋಪಾಲಪ್ಪ. ಒಬ್ಬನೇ ಮಗ. ಬಾಡಿಗೆಯವರನ್ನು ಗದರಿಸುವುದೊಂದೇ ಕೆಲಸ.

"ಅವ್ವಾ, ಅಪ್ಪಂಗೆ ಬಟ್ಟಿ ಬಿದ್ದೈತೆ. ಬಡಿತ ಮ್ಯಾಕ್ ಓಗೈತೆ. ನಾಳೀಕೆ ಎತ್ಬುಡು."

"ನಾಳೆ ಅಮಾಸೆ," ಅಂದರು ಅತ್ತೆ.

"ಭಾನ್ವಾರ?"

"ನನ್ನ ಹೆಬ್ಬೆರಳು ನೋಯ್ತದೆ ಕಣ್ಲಾ."

"ನೆನ್ನೆ ಲೇತ್ ಶೆಡ್ನೋನ್ಗೆ ಎತ್ತಿದ್ಯಲ್ಲ, ಆಗ ನೋವಿರ್ಲಿಲ್ವಾ? ಊರ್ಗೆಲ್ಲ ಬಟ್ಟಿ ಎತ್ತೋಳಿಗೆ ಗಂಡಂಗೆ ಎತ್ತಕ್ಕೆ ಏನ್ ದಾಡಿ?"

ಮಾವನವರು ಸಾರು ಸೊರ್ ಎಂದು ಹೀರಿ ನಕ್ಕರು. "ಬುಡ್ಲಾ. ಹಿತ್ತಲ ಗಿಡ ಮದ್ದಲ್ಲ."

ಅತ್ತೆ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದುಹೋದರು. ಗಂಡಹೆಂಡಿರ ಹಳೇ ಬೀಡಿ ಜಗಳ ಇರಬೇಕು ಅಂದುಕೊಂಡೆ. ಮೂರು ವಾರ ಹೀಗೇ ನಡೆಯಿತು. ಒಂದು ದಿನ ಕೈನೋವು, ಒಂದು ದಿನ ಏಕಾದಶಿ, ಒಂದು ದಿನ ಹರಳೆಣ್ಣೆ ಮುಗಿದಿದೆ. ಎಣ್ಣೆ ಡಬ್ಬ ತುಂಬಿರುವುದು ನನಗೆ ಗೊತ್ತಿತ್ತು. ಎಂಥಾ ಹಟಮಾರಿ ಹೆಂಗಸು ಇವರು, ಕಟ್ಟಿಕೊಂಡ ಗಂಡ ನರಳುವಾಗಲೂ ಕೈ ಮುಂದೆ ಬರುವುದಿಲ್ಲವಲ್ಲ ಎಂದು ನನಗೆ ಹೇಸಿಗೆಯಾಯಿತು.

ಸಾಲುಮನೆಯ ಮೂರನೇ ಬಾಗಿಲಿನಲ್ಲಿ ನಾಗಲಕ್ಷ್ಮಮ್ಮ ಇದ್ದರು. ಒಂದು ಕಾರ್ಖಾನೆಯ ದವಾಖಾನೆಯಲ್ಲಿ ನರ್ಸು. ಒಂದು ಶುಕ್ರವಾರ ಮಧ್ಯಾಹ್ನ ಬೇಗ ಬಂದವರು ನಮ್ಮ ಅಂಗಳ ದಾಟುವಾಗ ಬೆಂಕಿಪೊಟ್ಟಣ ಕುಣಿಯುವುದನ್ನು ನೋಡಿ ನಿಂತರು. ಬುಟ್ಟಿ ಕೆಳಗಿಟ್ಟರು. ಮಂಚದ ಪಕ್ಕ ಕೂತು, ಎರಡೂ ಅಂಗೈಗಳನ್ನು ಬಡಿತದ ಆಚೆಗೊಂದು ಈಚೆಗೊಂದು ಮೆಲ್ಲಗೆ ಇಟ್ಟರು. ಪ್ರತಿ ಬಡಿತಕ್ಕೂ ಅವರ ಕೈಗಳು ಒಂದರಿಂದೊಂದು ದೂರ ಸರಿಯುತ್ತಿದ್ದುದು ನನಗೂ ಕಾಣಿಸಿತು.

"ಬೆನ್ನುನೋವು ಎಷ್ಟು ದಿನದಿಂದ ಯಜಮಾನ್ರೇ?"

"ಒಂದ್ ತಿಂಗ್ಳಾತು ಕಣಮ್ಮ. ಬಟ್ಟಿ ಬಿದ್ದೈತೆ."

"ಇದು ಬಟ್ಟಿ ಅಲ್ಲ. ಒಳಗೆ ದೊಡ್ಡ ರಕ್ತನಾಳ ಉಬ್ಬಿರೋ ಹಾಗಿದೆ. ನಾನು ಡಾಕ್ಟರಲ್ಲ, ಆದ್ರೆ ಒಂದ್ಸಲ ಹೀಗೇ ನೋಡಿದೀನಿ. ನಾಳೆನೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ. ಅಲ್ಲೀವರೆಗೂ ಯಾರೂ ಇದನ್ನ ಒತ್ತಬಾರದು ಕಣ್ರೀ. ಒಡೆದ್ರೆ ಅರ್ಧ ಗಂಟೇಲಿ ಜೀವ ಹೋಗುತ್ತೆ."

ನನ್ನ ಗಂಡ ಹಲ್ಲು ಕಿಸಿದ. "ಬಾಡಿಗೆಗಿರೋರು ಬಾಡಿಗೆಗಿರೋ ಅಂಗೆ ಇರ್ಬೇಕು. ಆಸ್ಪತ್ರೆಗೋದ್ರೆ ಕುಯ್ತಾರೆ, ಅಷ್ಟೇಯ. ಭಾನ್ವಾರ ಗರಡಿ ಪೈಲ್ವಾನನ್ನ ಕರೆಸ್ತೀನಿ. ಮೊಣಕೈ ಊರಿ ಒಂದೇ ಒತ್ತಿಗೆ ಬಟ್ಟಿ ಎತ್ತುತಾನೆ."

"ಅವ್ರು ಓದಿದೋರು ಯೋಳ್ತಾವ್ರೆ, ಕೇಳ್ಬಾರ್ದಾ?" ಅಂದೆ ನಾನು.

"ನೀ ಸುಮ್ಕಿರೇ. ನಿಂದೇನು ಮಧ್ಯದಲ್ಲಿ?"

ಮಾವನವರಿಗೂ ಕತ್ತಿಯ ಭಯ. ಪೈಲ್ವಾನನೇ ಬರಲಿ ಅಂದರು. ಅತ್ತೆ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನಾನು ಒಳಗೆ ಹೋಗಿ, "ನೀವಾದ್ರೂ ನಿಮ್ಮ ಮಗನ್ಗೆ ಯೋಳ್ರತ್ತೆ," ಅಂದೆ. ಅವರು ಕಾಳಿನ ಮೊರ ಎತ್ತಿಕೊಂಡು ಹಿತ್ತಲಿಗೆ ಹೋದರು.

ಭಾನುವಾರ ಬೆಳಿಗ್ಗೆ ಪೈಲ್ವಾನ ಬಂದ. ಅವನ ತೋಳು ನನ್ನ ಸೊಂಟದಷ್ಟಿತ್ತು. ಜಗಲಿಯ ಮೇಲೆ ಚಾಪೆ ಹಾಸಿ ಮಾವನವರನ್ನು ಮಲಗಿಸಿದರು. ಹರಳೆಣ್ಣೆ ಬಿಸಿ ಮಾಡಿ ತಾ ಎಂದು ನನ್ನ ಗಂಡ ಕೂಗಿದ. ನಾನು ತರುವುದಿಲ್ಲ ಅಂದೆ. ತಾನೇ ಒಳಗೆ ನುಗ್ಗಿ, ನನ್ನನ್ನು ಪಕ್ಕಕ್ಕೆ ತಳ್ಳಿ, ಬಟ್ಟಲು ತೆಗೆದುಕೊಂಡು ಹೋದ. ಪೈಲ್ವಾನ ಅಂಗೈಗೆ ಎಣ್ಣೆ ಸುರಿದುಕೊಂಡು, ಹೊಟ್ಟೆಗೆ ಬಳಿದು, ಮೊಣಕೈ ಮಡಿಸಿ ಮುಂದಕ್ಕೆ ಬಾಗಿದ.

ಅತ್ತೆ ಎಲ್ಲಿಂದ ಬಂದರೋ ಗೊತ್ತಿಲ್ಲ. ಎಣ್ಣೆಯ ಬಟ್ಟಲನ್ನು ಕಾಲಿನಿಂದ ಒದ್ದರು. ಹೋಗಿ ಮಾವನವರ ಪಕ್ಕ ಕುಕ್ಕರಿಸಿ ಕೂತು, ಅವರ ಹೊಟ್ಟೆಯ ಮೇಲೆ ತಮ್ಮ ಎರಡೂ ತೋಳುಗಳನ್ನು ಕಮಾನಿನ ಹಾಗೆ ಅಡ್ಡ ಹಿಡಿದರು.

"ಮುಟ್ಟಿದ್ರೆ ಕೈ ಕತ್ತರಿಸ್ತೀನಿ, ಓಗು!"

"ಅವ್ವಾ, ಉಚ್ಚು ಇಡೀತಾ ನಿಂಗೆ?"

"ಉಚ್ಚಲ್ಲ ಕಣ್ಲಾ. ಇದೇ ಬಡಿತ. ಇದೇ ನನ್ನ ಹೆಬ್ಬೆರಳಿಗೆ ಸಿಕ್ಕಿತ್ತು. ನಿಮ್ಮ ದೊಡ್ಡಪ್ಪನ ಒಟ್ಟೇಲಿ ಸಿಕ್ಕಿತ್ತು. ಅವತ್ತು ಒತ್ತಿದೆ. ನಾನು ಒತ್ತುತಾ ಇರೋವಾಗ್ಲೇ ಮೈಯೆಲ್ಲ ತಣ್ಣಗೆ ಬೆವೆತು, ಬಿಳುಚ್ಕೊಂಡು, ನನ್ನ ಕೈ ಕೆಳಗೇ ಪ್ರಾಣ ಓತು."

ಪೈಲ್ವಾನ ಎಣ್ಣೆ ಕೈಯನ್ನು ಪಂಚೆಗೆ ಒರೆಸಿಕೊಂಡು ಮೆಲ್ಲಗೆ ಮೆಟ್ಟಿಲು ಇಳಿದ.

ಆ ದೊಡ್ಡಪ್ಪನ ವಿಷಯ ಹೇಳಬೇಕು. ಮಾವನವರ ಅಣ್ಣ ದೊಡ್ಡಮುನಿಯಪ್ಪ, ಇದೇ ಅಂಗಳದ ಇನ್ನೊಂದು ಮಗ್ಗುಲಲ್ಲಿ ಇದ್ದವರು. ಹನ್ನೊಂದು ವರ್ಷದ ಹಿಂದೆ, ನಾನು ಈ ಮನೆಗೆ ಬಂದ ಎರಡನೇ ವರ್ಷ, ಮಧ್ಯಾಹ್ನ ಮುದ್ದೆ ಉಂಡು ಎದ್ದವರು ಬೆನ್ನು, ಹೊಟ್ಟೆ ಎಂದು ಕಿರುಚಿಕೊಂಡು ಬಿದ್ದರು. ಬಟ್ಟಿ ನೋಡಲು ಅತ್ತೆ ಒಬ್ಬರೇ ಒಳಗೆ ಹೋಗಿದ್ದರು, ಗಂಟೆಯೊಳಗೆ ಜೀವ ಹೋಯಿತು. ಆಗ ಅತ್ತೆ ಇದೇ ಜಗಲಿಯ ಮೇಲೆ ನಿಂತು ಹತ್ತು ಜನರ ಮುಂದೆ ಹೇಳಿದ್ದರು: "ಬಟ್ಟಿ ಸರ್ಯಾಗೇ ಇತ್ತು. ಇದು ಅನ್ನದಲ್ಲಿ ಬಿದ್ದಿರೋ ಮದ್ದು."

ನಮ್ಮ ಕಡೆ ಅಷ್ಟು ಸಾಕು. ಊಟದಲ್ಲಿ ವಿಷದ ಮದ್ದು ಹಾಕುವವಳು ಎಂದು ಒಬ್ಬ ಹೆಂಗಸಿನ ಮೇಲೆ ಹೆಸರು ಬಂದರೆ ಅವಳ ಮನೆಯಲ್ಲಿ ನೀರು ಕೂಡ ಯಾರೂ ಮುಟ್ಟುವುದಿಲ್ಲ. ದೊಡ್ಡಮುನಿಯಪ್ಪನವರ ಹೆಂಡತಿ ವೆಂಕಟಮ್ಮ, ನನಗೆ ದೊಡ್ಡತ್ತೆ, ಅಡುಗೆ ಮಾಡಿ ಬಡಿಸಿದ ತಪ್ಪಿಗೆ ಗಂಡನನ್ನು ಕೊಂದವಳಾದರು. ಮಗ ಪಾಪಯ್ಯನಿಗೆ ನಿಶ್ಚಯವಾಗಿದ್ದ ಹೆಣ್ಣು ಹಿಂದಕ್ಕೆ ಹೋಯಿತು. ವರ್ಷ ತುಂಬುವುದರೊಳಗೆ ತಾಯಿಮಗ ಇಬ್ಬರೂ ಚಿಕ್ಕಬಾಣಾವರದ ತವರಿಗೆ ಹೊರಟುಹೋದರು. ಹೋಗುವ ಮುಂಚಿನ ಯುಗಾದಿಗೆ ಆಕೆ ನನಗೆ ಎರಡು ಒಬ್ಬಟ್ಟು ತಂದುಕೊಟ್ಟಿದ್ದರು. ಆಕೆ ಇನ್ನೂ ಅಂಗಳ ದಾಟಿರಲಿಲ್ಲ, ಅವನ್ನು ಮೋರಿಗೆ ಎಸೆದೆ. ಆಕೆ ತಿರುಗಿ ನೋಡಿದ್ದರು.

"ಅಂಗಾರೆ ಅತ್ತಿಗೆ ಮದ್ದು ಆಕ್ಲಿಲ್ವಾ?" ಮಲಗಿದ್ದಲ್ಲಿಂದಲೇ ಮಾವನವರು ಕೇಳಿದರು.

"ಎಲ್ಲಿ ಮದ್ದು? ನನ್ನ ಕೈಗೆ ಕೆಟ್ಟೆಸ್ರು ಬತ್ತದೆ ಅಂತ ಆಕೆ ತಲೆ ಮ್ಯಾಲೆ ಆಕ್ಬುಟ್ಟೆ."

ಹನ್ನೊಂದು ವರ್ಷ ಈ ಹೆಂಗಸು ಉಂಡಿದ್ದಾರೆ, ಹಬ್ಬ ಮಾಡಿದ್ದಾರೆ, ವಾರಕ್ಕೆರಡು ದಿನ ಇದೇ ಹೆಬ್ಬೆರಳಿನಿಂದ ತೆಂಗಿನಕಾಯಿ ತೆಗೆದುಕೊಂಡಿದ್ದಾರೆ! ಅವರ ಮುಖ ನೋಡಲು ನನಗೆ ಆಗಲಿಲ್ಲ. ಮೋರಿಯ ಕಡೆ ನೋಡೋಣವೆಂದರೆ ಅಲ್ಲಿ ನನ್ನ ಒಬ್ಬಟ್ಟು. ನಾನೇ ಆಟೋ ಕರೆಯಲು ತುಮಕೂರು ರಸ್ತೆಗೆ ಓಡಿದೆ.

ದೊಡ್ಡಾಸ್ಪತ್ರೆಯಲ್ಲಿ ಹೊಸದಾಗಿ ಬಂದಿದ್ದ ಸ್ಕ್ಯಾನಿಂಗ್ ಯಂತ್ರದಲ್ಲಿ ಮಾವನವರ ಹೊಟ್ಟೆ ನೋಡಿದರು. ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಎದೆಯಿಂದ ಕೆಳಗಿಳಿಯುವ ದೊಡ್ಡ ರಕ್ತನಾಳ ಹೊಟ್ಟೆಯ ಹಿಂದೆ, ಬೆನ್ನುಮೂಳೆಗೆ ಒರಗಿಕೊಂಡು ಹೋಗುತ್ತದೆ. ಹೆಬ್ಬೆರಳಿನ ದಪ್ಪ ಇರಬೇಕಾದ್ದು ಇವರಿಗೆ ಕಿತ್ತಳೆ ಹಣ್ಣಿನಷ್ಟಾಗಿದೆ.

"ಸೈಕಲ್ ಟ್ಯೂಬು ಒಂದು ಕಡೆ ಸವೆದು ಉಬ್ಬುತ್ತಲ್ಲ, ಹಾಗೆ. ತುಂಬಾ ಜನಕ್ಕೆ ಗೊತ್ತೇ ಆಗಲ್ಲ. ನೋವು ಶುರುವಾಗಿದೆ ಅಂದ್ರೆ ಇನ್ನು ತಡ ಮಾಡೋ ಹಾಗಿಲ್ಲ. ಹೊಟ್ಟೆ ತೆರೆದು, ಉಬ್ಬಿದ ಜಾಗದಲ್ಲಿ ನೂಲಿನ ಕೊಳವೆ ಇಟ್ಟು ಹೊಲೀತೀವಿ. ಅಪಾಯ ಇದೆ, ಇಲ್ಲ ಅನ್ನಲ್ಲ. ಮಾಡದೇ ಇದ್ರೆ ಅದಕ್ಕಿಂತ ಜಾಸ್ತಿ."

"ಯಾಕಿಂಗಾತದೆ ಸಾ?" ನನ್ನ ಗಂಡ ಕೇಳಿದ. ಜೇಬಿನಲ್ಲಿ ಸಿಗರೇಟು ಪ್ಯಾಕು ಕಾಣುತ್ತಿತ್ತು.

"ವಯಸ್ಸು, ರಕ್ತದೊತ್ತಡ. ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮ ಜೇಬಲ್ಲಿರೋದು. ಕೆಲವು ಮನೆತನಗಳಲ್ಲೂ ಬರುತ್ತೆ. ಇವರ ಅಣ್ಣತಮ್ಮಂದಿರು ಯಾರಾದ್ರೂ ಹೀಗೆ ಇದ್ದಕ್ಕಿದ್ದಂತೆ ಹೋಗಿದ್ರಾ?"

ನನ್ನ ಗಂಡ ಇಲ್ಲ ಎಂದು ತಲೆಯಾಡಿಸಿದ. ಅತ್ತೆ, "ಓಗವ್ರೆ," ಅಂದರು. ಎಲ್ಲವನ್ನೂ ಹೇಳಿದರು, ಹೆಬ್ಬೆರಳಿನ ಸಮೇತ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಷ್ಟು ನೋವು ಬಂದಿತ್ತು ಅಂದ್ರೆ ಆಗಲೇ ಒಡೀತಾ ಇತ್ತು ಅನ್ಸುತ್ತೆ. ಒತ್ತದೇ ಇದ್ದಿದ್ರೂ ಉಳೀತಿದ್ರೋ ಇಲ್ವೋ. ಆದ್ರೆ ಇನ್ಮೇಲೆ ಯಾರ ಹೊಟ್ಟೇನೂ ಒತ್ತಬೇಡಿ ತಾಯಿ. ಅವರಿಗೆ ಮಗ ಇದಾರಾ? ಬೀಡಿ ಸೇದ್ತಾರಾ?"

"ಅವ್ನೆ. ಸೇದ್ತಾನೆ."

"ಇವತ್ತಿಂದಲೇ ಬಿಡೋಕೆ ಹೇಳಿ. ಒಂದ್ಸಲ ಹೊಟ್ಟೆ ತೋರಿಸ್ಕೊಳ್ಳಲಿ. ವಯಸ್ಸಾದ ಮೇಲೆ ಮತ್ತೆ ಮತ್ತೆ ನೋಡಿಸ್ತಾ ಇರಬೇಕು. ಇದನ್ನ ಅವರಿಗೆ ಹೇಳೋ ಜವಾಬ್ದಾರಿ ನಿಮ್ಮದು."

ಶಸ್ತ್ರಚಿಕಿತ್ಸೆಗೆ ಆರು ಬಾಟಲಿ ರಕ್ತ ಬೇಕಾಗಿತ್ತು, ಅಷ್ಟನ್ನೂ ನಾವು ಬದಲಿಗೆ ಕೊಡಬೇಕು. ನನ್ನ ಗಂಡ, "ಸೂಜಿ ಕಂಡ್ರೆ ನಂಗೆ ತಲೆ ಸುತ್ತುತದೆ," ಎಂದು ಗೋಡೆಗೆ ಒರಗಿದ. ನಾನು ಕೊಟ್ಟೆ. ನಾಗಲಕ್ಷ್ಮಮ್ಮ ಕೊಟ್ಟರು. ಅವನಿಂದ ದಿನಾ ಬೈಸಿಕೊಳ್ಳುತ್ತಿದ್ದ ನಾಲ್ಕು ಜನ ಬಾಡಿಗೆಯ ಹುಡುಗರು ಶಿಫ್ಟು ಮುಗಿಸಿ ಬಂದು ಕೊಟ್ಟರು. ರಕ್ತ ಕೊಟ್ಟವರಿಗೆಂದು ಇಟ್ಟಿದ್ದ ಬಿಸ್ಕತ್ತನ್ನು ನನ್ನ ಗಂಡ ತಿಂದ. ಇವನ ಜೊತೆ ಹನ್ನೆರಡು ವರ್ಷ ಸಂಸಾರ ಮಾಡಿದೆನಲ್ಲ ಎಂದು ನನ್ನ ಮೇಲೇ ನನಗೆ ಅಸಹ್ಯವಾಯಿತು.

ಮಾವನವರು ಬದುಕಿದರು. ಐದು ಗಂಟೆ ಹೊತ್ತು ಒಳಗಿಟ್ಟುಕೊಂಡಿದ್ದರು. ಮೂರು ವಾರದ ಮೇಲೆ, ಎದೆಯ ಕೆಳಗಿನಿಂದ ಕಿಬ್ಬೊಟ್ಟೆಯವರೆಗೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದು, ಅದೇ ಮಂಚದ ಮೇಲೆ ಮಲಗಿ, ಒಂದೇ ಒಂದು ಬೀಡಿ ಕೊಡು ಎಂದು ಗೋಗರೆದರು. ಬೆಂಕಿಪೊಟ್ಟಣ ತೆಗೆದುಕೊಂಡು ಹೋಗಿ ಹಸಿರು ನೀರಿಗೆ ಎಸೆದೆ. "ಒಟ್ಟೆ ಮ್ಯಾಲೆ ಇಡಕ್ಕೆ ತಾನೆ? ಇನ್ ಕುಣಿಯಾಕಿಲ್ಲ ಬುಡಿ ಮಾವ," ಅಂದೆ.

ಅತ್ತೆ ಬಟ್ಟಿ ಎತ್ತುವುದನ್ನು ನಿಲ್ಲಿಸಿದ್ದರು. ಮಂಗಳವಾರ ಬಂದವರಿಗೆ, "ನನ್ನ ಕೈ ಬಿದ್ದೋತು, ಡಾಕ್ಟ್ರತ್ರ ಓಗಿ," ಎಂದು ಕಳಿಸುತ್ತಿದ್ದರು. ಆದರೆ ಚಿಕ್ಕಬಾಣಾವರದ ಮಾತು ಎತ್ತುತ್ತಿರಲಿಲ್ಲ. ನಾನೇ ಎತ್ತಿದೆ.

"ಪಾಪಯ್ಯಂಗೆ ಯಾವಾಗ ಯೋಳ್ತೀರತ್ತೆ?"

ನನ್ನ ಗಂಡ ಮಧ್ಯೆ ಬಾಯಿ ಹಾಕಿದ. "ಯಾಕೆ ಯೋಳ್ಬೇಕು? ಮುಗಿದೋಗಿರೋದನ್ನ ಕೆದಕಿ, ನೆಂಟ್ರಿಷ್ಟ್ರ ಮುಂದೆ ಮಾನ ಕಳೀಬೇಕಾ? ಒಂದು ಕಾಗ್ದ ಆಕಿದ್ರಾಯ್ತು, ಡಾಕ್ಟ್ರತ್ರ ತೋರ್ಸ್ಕೊ ಅಂತ. ಯಾಕೆ ಏನು ಅಂತ ಬರೀಬ್ಯಾಡಿ."

"ಯಾಕೆ ಅಂತ ಬರೀದಿದ್ರೆ ಅವ್ನು ಓಗ್ತಾನಾ?" ಅಂದೆ. "ನಿಮ್ಮ ಮಾನಕ್ಕೋಸ್ಕರ ಅವ್ನೂ ಸಾಯ್ಬೇಕಾ?"

ಅತ್ತೆ ಎರಡು ದಿನ ಊಟ ಬಿಟ್ಟರು. ಮೂರನೇ ದಿನ ಬೆಳಿಗ್ಗೆ ಒಗೆದ ಸೀರೆ ಉಟ್ಟುಕೊಂಡು, "ನಡಿಯಮ್ಮಿ," ಅಂದರು.

ಬಸ್ಸಿಳಿದು ಬಿಸಿಲಿನಲ್ಲಿ ಒಂದು ಮೈಲಿ ನಡೆದೆವು. ವೆಂಕಟಮ್ಮ ದೊಡ್ಡತ್ತೆ ಹೊಸ್ತಿಲ ಹೊರಗೆ ಕೂತು ಹುರುಳಿ ಕೇರುತ್ತಿದ್ದರು. ತಲೆ ಪೂರಾ ಬೆಳ್ಳಗಾಗಿತ್ತು. ಪಾಪಯ್ಯ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿದ್ದ. ಮೂವತ್ತೆಂಟಕ್ಕೇ ಮುದುಕನ ಹಾಗಿದ್ದ. ಯಾರೂ ಬನ್ನಿ ಅನ್ನಲಿಲ್ಲ. ಅತ್ತೆ ಅಂಗಳದಲ್ಲಿ ನಿಂತುಕೊಂಡೇ ಹೇಳಿದರು. ಒಂದು ಮಾತನ್ನೂ ಬಿಡಲಿಲ್ಲ, ಒಂದು ನೆಪವನ್ನೂ ಹೇಳಲಿಲ್ಲ. ಕೊನೆಗೆ, "ಪಾಪಯ್ಯ, ಅದು ಎಸೆಯಪ್ಪ. ಆಸ್ಪತ್ರೇಲಿ ಒಟ್ಟೆ ತೋರ್ಸ್ಕೊ. ನಿನ್ನ ಕಾಲಿಗೆ ಬೇಕಾರೆ ಬೀಳ್ತೀನಿ," ಅಂದರು.

ಪಾಪಯ್ಯ ಎದ್ದು ನಿಂತ. "ಅನ್ನೊಂದು ವರ್ಷ ಎಲ್ಲಿ ಸತ್ತಿದ್ದೆ ಚಿಕ್ಕವ್ವ? ನನ್ನ ಮದ್ವೆ ಮುರಿದೋತು. ಈ ಊರಲ್ಲೂ ಅದೇ ಎಸ್ರು ಬೆನ್ನಿಂದೇನೇ ಬಂತು. ನಮ್ಮವ್ವನ ಕೈನೀರು ಇವತ್ತಿಗೂ ಯಾರೂ ಮುಟ್ಟಾಕಿಲ್ಲ. ಗೊತ್ತಾ ನಿಂಗೆ?"

ಬೀಡಿಯನ್ನು ನೆಲಕ್ಕೆ ಹಾಕಿ ತುಳಿದು ಒಳಗೆ ಹೋದ. ದೊಡ್ಡತ್ತೆ ಮೊರದಲ್ಲಿನ ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ. ಬಿಸಿಲಿಗೋ ಏನೋ ಅತ್ತೆ ಅಲ್ಲೇ ನೆಲದ ಮೇಲೆ ಕೂತರು.

"ಅಕ್ಕಾ, ಒಂದೀಟು ನೀರು ಕೊಡು."

ದೊಡ್ಡತ್ತೆ ಮೊರ ಕೆಳಗಿಟ್ಟರು. ಒಳಗೆ ಹೋಗಿ ಹಿತ್ತಾಳೆ ಚೊಂಬಿನಲ್ಲಿ ನೀರು ತಂದರು. ಅತ್ತೆ ಕೈ ಚಾಚಿದರು. ದೊಡ್ಡತ್ತೆ ಕೊಡಲಿಲ್ಲ. ಮೊದಲು ಚೊಂಬನ್ನು ತಮ್ಮ ತುಟಿಗೆ ಹಚ್ಚಿ, ನಮಗೆ ಕಾಣುವಂತೆ ಒಂದು ಗುಟುಕು ಕುಡಿದು ನುಂಗಿದರು. ಆಮೇಲೆ ಚಾಚಿದರು.

"ಬ್ಯಾಡಕ್ಕ, ಇಂಗೆ ಮಾಡ್ಬ್ಯಾಡ," ಅತ್ತೆ ಅಳುತ್ತ ಅಂದರು. "ಅಂಗೇ ಕೊಡು."

"ನಿಂಗೇಂತ ಮಾಡಿದ್ದಲ್ಲ ಚಿಕ್ಕಿ. ಯಾರಿಗ್ ಕೊಟ್ರೂ ಇಂಗೇಯ. ಅಭ್ಯಾಸ ಆಗೋಗೈತೆ."

ಅತ್ತೆ ಕುಡಿದರು. ಚೊಂಬು ನನ್ನ ಕೈಗೆ ಬಂತು. ಅಂಚಿನಲ್ಲಿ ಇಬ್ಬರ ಎಂಜಲೂ ಒದ್ದೆಯಾಗಿ ಮಿನುಗುತ್ತಿತ್ತು. ನಾನು ಬಾಯಿ ಹಚ್ಚಿಕೊಂಡೇ ಕುಡಿದೆ, ತಳದವರೆಗೂ ಕುಡಿದೆ. ಹನ್ನೊಂದು ವರ್ಷದ ಹಿಂದೆ ಎಸೆದ ಒಬ್ಬಟ್ಟಿನ ಮಾತು ಆಡುವ ಬದಲು ಖಾಲಿ ಚೊಂಬು ಚಾಚಿದೆ.

"ಇನ್ನೊಂದೀಟು ಕೊಡಿ ದೊಡ್ಡತ್ತೆ," ಅಂದೆ. "ಈ ಸಲ ಕುಡೀದೇ ಕೊಡಿ."

ಆಕೆ ಹೂಂ ಎಂದು ಒಳಗೆ ಹೋದರು. ಹಂಡೆಯಿಂದ ಚೊಂಬು ಅದ್ದಿದ ಸದ್ದು ಕೇಳಿಸಿತು. ಹೊಸ್ತಿಲಿಗೆ ಬಂದು ನಿಂತರು. ನನ್ನ ಮುಖ ನೋಡಿದರು. ನೋಡುತ್ತಲೇ, ಚೊಂಬನ್ನು ಮತ್ತೆ ಮೊದಲು ತಮ್ಮ ತುಟಿಗೇ ಹಚ್ಚಿದರು.